ಈಗ ಸಹನಾ ಪಾಲಿಮರ್ಸ್

ಸೆಪ್ಟೆಂಬರ್ 8, ಸೋಮವಾರ. ಬೆಳಿಗ್ಗೆ 7.10

ಬಾತ್‌ರೂಮ್ ಕ್ಯೂನಲ್ಲಿ ಐದನೆಯವಳು. ಬಕೆಟ್ ಇಟ್ಟು ಬಂದು ಬರೆಯುತ್ತಿದ್ದೇನೆ. ಮೊದಲ ಪೀರಿಯಡ್ ಅಕೌಂಟೆನ್ಸಿ. ಲೇಟಾದರೆ ಮೇಡಂ ಬಾಗಿಲಲ್ಲೇ ನಿಲ್ಲಿಸಿ ಇಂಗ್ಲಿಷಿನಲ್ಲಿ ಕಾರಣ ಕೇಳುತ್ತಾರೆ. ನನಗೆ ಇಂಗ್ಲಿಷ್ ಓದಲು ಬರುತ್ತದೆ, ಬರೆಯಲೂ ಬರುತ್ತದೆ. ನಿಂತು ಮಾತಾಡಲು ಬರುವುದಿಲ್ಲ. ಹೋದ ವಾರ ‘ಸಾರಿ ಮ್ಯಾಮ್, ದ ಬಸ್ ವಾಸ್...’ ಎಂದು ಅಲ್ಲೇ ನಿಂತುಬಿಟ್ಟೆ. ಬಿ.ಕಾಂ. ಫಸ್ಟ್ ಇಯರ್ ಪೂರ್ತಿ ನಕ್ಕಿತು. ನಾನು ಬಸ್ಸಿನಲ್ಲಿ ಬರುವುದೇ ಇಲ್ಲ. ಹಾಸ್ಟೆಲಿನಿಂದ ಕಾಲೇಜಿಗೆ ನಾಲ್ಕು ನಿಮಿಷದ ನಡಿಗೆ. ಯಾಕೆ ಬಸ್ ಅಂದೆನೋ ಗೊತ್ತಿಲ್ಲ. ಹೆದರಿದರೆ ಬಾಯಿಗೆ ಮೊದಲು ಸುಳ್ಳೇ ಬರುತ್ತದೆ.

ರೂಮ್‌ಮೇಟ್ ಬಿಂದು ಕೂಗುತ್ತಿದ್ದಾಳೆ — “ಲೇ ಡೈರೆಕ್ಟರ್ ಮೇಡಂ, ನಿನ್ ಬಕೆಟ್ ಮುಂದಕ್ಕೆ ತಳ್ಳೀನಿ, ಬಾರೇ!”

ಗೂಗಲ್‌ನಲ್ಲಿ ನನ್ನ ಹೆಸರು ಹುಡುಕಿ ಕಂಡುಹಿಡಿದಿದ್ದಾಳೆ. ಸಹನಾ ಪಿ., ಡೈರೆಕ್ಟರ್, ಸಹನಾ ಪಾಲಿಮರ್ಸ್ ಪ್ರೈವೇಟ್ ಲಿಮಿಟೆಡ್, ಹಿರಿಯೂರು. ಜೂನ್‌ನಲ್ಲಿ ಹದಿನೆಂಟು ತುಂಬಿದ ವಾರವೇ ಸೈನ್ ಹಾಕಿಸಿದ್ದು. ಕಂಪನಿಗೆ ಕಡಿಮೆಯೆಂದರೂ ಇಬ್ಬರು ಡೈರೆಕ್ಟರ್ ಬೇಕಂತೆ. ಅಮ್ಮ ಮತ್ತು ಅಜ್ಜಿ ಇದ್ದರು. ಅಜ್ಜಿ ತೀರಿಕೊಂಡರು. ಅಜ್ಜಿಯ ಜಾಗಕ್ಕೆ ನಾನು. ಎಲ್ಲ ನೋಡಿಕೊಳ್ಳುವ ಅಪ್ಪ ಯಾಕೆ ಡೈರೆಕ್ಟರ್ ಅಲ್ಲ ಎಂದು ಕೇಳಲಿಲ್ಲ. ಸೈನ್ ಹಾಕಿದ್ದಕ್ಕೆ ಹೊಸ ಫೋನ್ ಬಂದಿತ್ತು.

ನಿನ್ನೆ ಅಪ್ಪ ಅದೇ ಫೋನಿಗೆ — “ಶನಿವಾರ ಬಾರವ್ವ. ಒಂದು ಇಂಗ್ಲಿಷ್ ಕಾಗ್ದ ಬಂದೈತೆ. ಓದಿ ಹೇಳುವಂತೆ.”

ನನ್ನ ಸರದಿ ಬಂತು.


ಸೆಪ್ಟೆಂಬರ್ 13, ಶನಿವಾರ. ಹಿರಿಯೂರು

ಹನ್ನೊಂದು ಪುಟದ ನೋಟಿಸ್. ನಾನು ಓದುತ್ತಾ ಹೋದೆ, ಅಪ್ಪ ಪಕ್ಕದಲ್ಲಿ ಕೂತು ನನ್ನ ತುಟಿ ನೋಡುತ್ತಾ ಹೋದರು. ಆಡಿಟರ್ ಮಂಜುನಾಥ್ ಅಂಕಲ್ ಆಗಲೇ ಓದಿದ್ದರು. ಆದರೂ ಅಪ್ಪನಿಗೆ ಮಗಳ ಬಾಯಲ್ಲೇ ಕೇಳಬೇಕು.

ತಾತ ಶುರು ಮಾಡಿದ ಫರ್ಮ್ ಶ್ರೀ ಚಿತ್ರಲಿಂಗೇಶ್ವರ ಪೈಪ್ಸ್. ಬೋರ್‌ವೆಲ್‌ಗೆ ಹಾಕುವ ಪಿವಿಸಿ ಪೈಪ್ ಮಾಡುತ್ತಿದ್ದದ್ದು. 2011ರಿಂದ 2014ರವರೆಗೆ ಬಿಲ್ ಇಲ್ಲದೆ ಲಾರಿಗಟ್ಟಲೆ ಪೈಪ್ ಹೊರಗೆ ಹೋಗಿದೆ. ಎಕ್ಸೈಸ್ ಡ್ಯೂಟಿ ಕಟ್ಟಿಲ್ಲ. ಕೇಸಾಯಿತು. ಅಪೀಲ್ ಹೋದರು. ಹೋದ ವರ್ಷ ಸೋತರು. ಡ್ಯೂಟಿ, ದಂಡ, ಬಡ್ಡಿ ಸೇರಿ ಎಂಬತ್ತನಾಲ್ಕು ಲಕ್ಷ. ಇಷ್ಟೂ ನನಗೆ ಇವತ್ತೇ ಗೊತ್ತಾದದ್ದು.

ಆ ಫರ್ಮ್ 2018ರಲ್ಲಿ ಮುಚ್ಚಿತು. ಅದೇ ವರ್ಷ, ಅದೇ ಶೆಡ್ಡಿನಲ್ಲಿ, ಸಹನಾ ಪಾಲಿಮರ್ಸ್. ಆಗ ನನಗೆ ಹನ್ನೊಂದು. ಕಂಪನಿಗೆ ನನ್ನ ಹೆಸರು ಎಂದು ಶಾಲೆಯ ಹಾಸ್ಟೆಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

ಈಗ ಟ್ಯಾಕ್ಸ್ ಆಫೀಸಿನವರು ಕೇಳುತ್ತಿರುವುದು — ಆ ಫರ್ಮ್‌ನ ವಾರಸುದಾರ ನೀವೇ ಅಲ್ಲವೇ? ನಿಮ್ಮ ಮೆಷಿನ್ ಯಾಕೆ ಜಪ್ತಿ ಮಾಡಬಾರದು?

ಮಂಜುನಾಥ್ ಅಂಕಲ್ ಬಿಡಿಸಿ ಹೇಳಿದರು. “ನೋಡವ್ವ, ಹಳೇ ಫರ್ಮಿನ ವ್ಯಾಪಾರಾನೇ ನಮಗೆ ಬಂದಿದ್ರೆ, ಅದ್ರ ಬಾಕೀನೂ ಬಾಲದಂಗೆ ಹಿಂದೆ ಬರ್ತೈತೆ. ಬರೀ ಹಳೇ ಮೆಷಿನ್ ಕೊಂಡಿದ್ರೆ ಬರಲ್ಲ. ಸಂತೇಲಿ ಎತ್ತು ಕೊಂಡ್ರೆ, ಎತ್ತಿನ ಹಳೇ ಯಜಮಾನನ ಸಾಲ ನಾವು ತೀರಿಸ್ತೀವಾ?”

“ನಾವು ಬರೀ ಮೆಷಿನ್ ಕೊಂಡಿದ್ದಾ ಅಂಕಲ್?”

ಅವರು ಅಪ್ಪನ ಮುಖ ನೋಡಿದರು. ಅಪ್ಪ ಟೀ ಲೋಟ ನೋಡಿದರು.

“ಪೇಪರ್‌ನಾಗೆ ಹಂಗೇ ಐತೆ,” ಅಂದರು ಅಂಕಲ್.

“ಹಾಗಾದ್ರೆ ಆ ದುಡ್ಡು ಯಾರು ಕಟ್ಟಬೇಕು?”

“ಹಳೇ ಪಾರ್ಟ್‌ನರ್‌ಗಳು.”

ಇಬ್ಬರೇ ಪಾರ್ಟ್‌ನರ್. ಒಬ್ಬರು ಅಪ್ಪ. ಅಪ್ಪನ ಹೆಸರಿನಲ್ಲಿ ಈಗ ಒಂದು ಸ್ಕೂಟರ್ ಬಿಟ್ಟರೆ ಏನೂ ಇಲ್ಲ. ಮನೆ ಅಮ್ಮನದು, ಶೆಡ್ಡು ಕಂಪನಿಯದು. ಇನ್ನೊಬ್ಬರು ತಿಪ್ಪೇಶ್ ಮಾಮ.

ತಿಪ್ಪೇಶ್ ಮಾಮ ನೆಂಟರಲ್ಲ. ಮೆಷಿನ್ ಆಪರೇಟರ್. ತಾತ ಹೋದ ಮೇಲೆ ಪಾರ್ಟ್‌ನರ್‌ಶಿಪ್‌ಗೆ ಇನ್ನೊಂದು ಹೆಸರು ಬೇಕಾಗಿತ್ತು, ಅಪ್ಪ ಅವರ ಹೆಸರು ಹಾಕಿಸಿದರು. ಮಾಮನಿಗೆ ಸಿಕ್ಕಿದ್ದು ತಿಂಗಳ ಸಂಬಳ, ದಸರಾಕ್ಕೆ ಒಂದು ಜೊತೆ ಬಟ್ಟೆ. ಹೊಸದುರ್ಗದಲ್ಲಿ ಅವರದೊಂದು ಮನೆ ಇದೆ. ಎರಡು ರೂಮು, ಮೇಲೆ ಶೀಟು.

“ಮಾಮನ ಮನೆ ಹೋಗುತ್ತಾ?” ಅಂದೆ.

ಅಮ್ಮ ಒಳಗೆ ಹೋದರು. ಅಪ್ಪ — “ಅದೆಲ್ಲ ನಾನು ನೋಡ್ಕಂತೀನಿ. ನೀನು ಇಂಗ್ಲಿಷ್ ನೋಡು.”


ಸೆಪ್ಟೆಂಬರ್ 14, ಭಾನುವಾರ

ಅಪ್ಪನ ಜೊತೆ ಫ್ಯಾಕ್ಟರಿಗೆ. ಭಾನುವಾರವೂ ತಿಪ್ಪೇಶ್ ಮಾಮ ಇದ್ದರು. ಎರಡನೇ ಮೆಷಿನ್ ಬಿಚ್ಚಿ ಕೂತಿದ್ದರು. ಅಪ್ಪ ಬಾಗಿಲಲ್ಲೇ ನಿಂತು ಹೇಳಿಬಿಟ್ಟರು.

“ತಿಪ್ಪೇಶ, ಸ್ವಲ್ಪ ದಿನ ಬರಬ್ಯಾಡ. ಕೇಸ್ ಮುಗೀಲಿ.”

“ಯಾಕಣ್ಣ, ನಾನೇನ್ ಗಾಂಜಾ ಮಾರಿದ್ನಾ?” ನಗುತ್ತಲೇ ಕೇಳಿದ್ದು.

“ಹಳೇ ಮನುಷ್ಯರು ಇದ್ರೆ ಹಳೇ ಕಂಪನಿ ಅಂತಾರಂತೆ ಕಣೋ.”

“ಹಂಗಾರೆ ನೀವೂ ಬರಂಗಿಲ್ಲಲ್ಲಣ್ಣ.”

ಅಪ್ಪ ಜೋರಾಗಿ ನಕ್ಕರು. ಮಾಮ ನಗಲಿಲ್ಲ. ಸ್ಪ್ಯಾನರ್‌ಗಳನ್ನು ಒಂದೊಂದಾಗಿ ಬಟ್ಟೆಯಿಂದ ಒರೆಸಿ ಗೋಡೆಯ ಮೊಳೆಗೆ ತೂಗುಹಾಕಿದರು. ಟವೆಲ್, ಟಿಫಿನ್ ಕ್ಯಾರಿಯರ್, ಒಂದು ಜೊತೆ ಹಳೇ ಚಪ್ಪಲಿ. ಇಪ್ಪತ್ತಾರು ವರ್ಷದ ಸಾಮಾನು ಒಂದು ಸಿಮೆಂಟ್ ಚೀಲದಲ್ಲಿ ಹಿಡಿಯಿತು.

ಹೋಗುವಾಗ ನನಗೆ — “ಏನವ್ವ ಡೈರೆಕ್ಟ್ರಮ್ಮ, ಓದು ಹೆಂಗೈತೆ? ಈ ಎರಡನೇದು ಜ್ವರ ಬಂದ ಕೂಸಿದ್ದಂಗೆ. ಬಿಸಿ ಏರಿದ್ರೆ ಪೈಪಿನ ಒಳಗೆ ಗುಳ್ಳೆ ಏಳ್ತವೆ. ಹೊಸಬರು ಯಾರ್ ಬರ್ತಾರೋ ಅವ್ರಿಗೆ ಹೇಳು.”

“ಹೇಳ್ತೀನಿ ಮಾಮ,” ಅಂದೆ. ಅಷ್ಟೇ ಅಂದೆ.


ಸೆಪ್ಟೆಂಬರ್ 25, ಗುರುವಾರ. ಮಧ್ಯಾಹ್ನ 1.40, ಚಿತ್ರದುರ್ಗ

ಕ್ಯಾಂಟೀನಿನಲ್ಲಿದ್ದೆ. ತಿಪ್ಪೇಶ್ ಮಾಮನ ವಾಟ್ಸಾಪ್. ಎರಡು ಫೋಟೋ. ಅವರಿಗೇ ಬಂದ ನೋಟಿಸ್. ಇಂಗ್ಲಿಷ್. ಹಿಂದೆಯೇ ವಾಯ್ಸ್ ಮೆಸೇಜ್ — “ಸಹನವ್ವ, ಇದೇನಂತ ಒಸಿ ಓದಿ ಹೇಳವ್ವ. ನಮ್ಮನ್ಯಾಗೆ ಯಾರಿಗೂ ತಿಳೀವಲ್ದು.”

ಓದಿದೆ. ಫರ್ಮ್‌ನಿಂದ ವಸೂಲಾಗದ ಬಾಕಿ ಪಾರ್ಟ್‌ನರ್‌ನಿಂದ. ಹೊಸದುರ್ಗದ ಮನೆ, ಚಕ್ಕುಬಂದಿ, ಅಳತೆ ಸಮೇತ. ಆಕ್ಷೇಪಣೆ ಇದ್ದರೆ ಹದಿನೈದು ದಿನದೊಳಗೆ ಬರೆದುಕೊಡಬೇಕು. ಎರಡನೇ ಪುಟ, ಕೆಳಗಿನಿಂದ ಮೂರನೇ ಸಾಲು. ದಪ್ಪ ಅಕ್ಷರ.

ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ — “ಅವನು ಉತ್ರ ಬರೆದ್ರೆ ಏನ್ ಬರೀತಾನೆ ಹೇಳು? ಅಣ್ಣನ ಹೊಸ ಕಂಪನೀಲೂ ನಾನೇ ಇದ್ದೆ ಅಂತ ಬರೀತಾನೆ. ಅಷ್ಟು ಬರೆದ್ರೆ ನಮ್ ಕಥೆ ಮುಗೀತು. ಮಾಮೂಲಿ ನೋಟಿಸು ಅಂದುಬಿಡು. ಆಮ್ಯಾಕೆ ನಾನು ನೋಡ್ಕಂತೀನಿ.”

ಮಾಮನಿಗೆ ಟೈಪ್ ಮಾಡಿದೆ. ಅಳಿಸಿದೆ. ವಾಯ್ಸ್ ಕಳಿಸಲು ಧೈರ್ಯ ಇರಲಿಲ್ಲ, ದನಿ ನಡುಗಿದ್ದು ಗೊತ್ತಾಗುತ್ತದೆ. ಕೊನೆಗೆ —

‘ಏನಿಲ್ಲ ಮಾಮ. ಮಾಮೂಲಿ ನೋಟಿಸ್. ಅಪ್ಪ ನೋಡ್ಕೋತಾರೆ.’

ಎರಡು ನೀಲಿ ಟಿಕ್. ಕೈ ಮುಗಿಯುವ ಎಮೋಜಿ ಬಂತು.

ಚಿತ್ರಾನ್ನ ಹಾಗೇ ಬಿಟ್ಟು ಬಂದೆ. ಲೆಕ್ಕ ಹಾಕಿದೆ, ನೋಟಿಸಿನ ತಾರೀಕು 22. ಅಂದರೆ ಅಕ್ಟೋಬರ್ 7.


ಅಕ್ಟೋಬರ್ 1, ಬುಧವಾರ. ಹಿರಿಯೂರು

ಆಯುಧಪೂಜೆ. ಮೆಷಿನ್‌ಗಳಿಗೆ ವಿಭೂತಿ, ಬಾಳೆಕಂದು. ಕುಂಬಳಕಾಯಿ ಒಡೆಯುವುದು ಪ್ರತಿ ವರ್ಷ ತಿಪ್ಪೇಶ್ ಮಾಮ. ಈ ಸಲ ಅಪ್ಪ ಒಡೆದರು. ಮೊದಲ ಏಟಿಗೆ ಒಡೆಯಲಿಲ್ಲ. ಕೆಲಸದವರಲ್ಲಿ ಯಾರೋ ಕಿಸಕ್ಕೆಂದರು. ಅಮ್ಮ ನನ್ನ ಕಡೆ ನೋಡಿ, “ಅವನ ಬಟ್ಟೆ ಕಳಿಸಿದ್ರಾ ಕೇಳು ನಿಮ್ಮಪ್ಪನ್ನ,” ಅಂದರು. ಕೇಳಲಿಲ್ಲ.


ಅಕ್ಟೋಬರ್ 7, ಮಂಗಳವಾರ

ಇವತ್ತು ಏಳು. ದಿನವಿಡೀ ಫೋನ್ ಕೈಯಲ್ಲಿತ್ತು. ಸಂಜೆ ಐದೂವರೆಗೆ ಆಫೀಸುಗಳೆಲ್ಲ ಮುಚ್ಚುತ್ತವೆ. ಐದೂ ಮೂವತ್ತೈದಕ್ಕೆ ಫೋನ್ ಬ್ಯಾಗಿಗೆ ಹಾಕಿದೆ. ಹಗುರ ಅನಿಸಿತು. ನಿಜವಾಗಿ ಹಗುರ ಅನಿಸಿತು. ಅದನ್ನು ಬರೆದಿಡುತ್ತಿದ್ದೇನೆ.


ಅಕ್ಟೋಬರ್ 12, ಭಾನುವಾರ. ಬಸ್ಸಿನಲ್ಲಿ, ಹೊಳಲ್ಕೆರೆಯಿಂದ ವಾಪಸ್

ಅಕ್ಷರಗಳು ಕುಣಿಯುತ್ತಿವೆ. ರಸ್ತೆ.

ನಿನ್ನೆ ಮನೆಯಲ್ಲಿ ಮಂಜುನಾಥ್ ಅಂಕಲ್ ಒಂದೊಂದೇ ಎಳೆ ಹುಡುಕಿ ಕತ್ತರಿಸುತ್ತಿದ್ದರು. ಹಳೇ ಫರ್ಮ್‌ನ ಬೋರ್ಡು — ತೆಗೆಸಿಯಾಯಿತು. ಫೋನ್ ನಂಬರ್ ಎರಡಕ್ಕೂ ಒಂದೇ — ಬದಲಾಯಿಸಿಯಾಯಿತು. “ಇನ್ನೆಲ್ಲಾದ್ರೂ ಎರಡು ಹೆಸರೂ ಒಟ್ಟಿಗೆ ಐತಾ ನೆನಸ್ಕಳ್ರಿ.”

ಅಮ್ಮ ಅಡುಗೆಮನೆಯಿಂದಲೇ — “ಹಾಸ್ಟೆಲಿನ ಊಟದ ಮನ್ಯಾಗೆ ಕಲ್ಲೈತಲ್ಲ.”

ಅಪ್ಪನ ಮುಖ ಇಳಿದುಹೋಯಿತು.

ನಾನು ಆರನೇ ಕ್ಲಾಸಿನಿಂದ ಪಿಯುಸಿವರೆಗೆ ಇದ್ದದ್ದು ಹೊಳಲ್ಕೆರೆ ಹತ್ತಿರದ ಒಂದು ಮಠದ ಗರ್ಲ್ಸ್ ಹಾಸ್ಟೆಲಿನಲ್ಲಿ. ಅಲ್ಲಿನ ಊಟದ ಮನೆಯ ನೆಲಕ್ಕೆ ಕಡಪ ಕಲ್ಲು ಹಾಸಿಸಿದ್ದು ನಮ್ಮ ಫರ್ಮ್. ಗೋಡೆಗೆ ಕರಿ ಕಲ್ಲು ಕೂರಿಸಿದ್ದಾರೆ. ‘ನೆಲಹಾಸಿನ ಸೇವೆ: ಶ್ರೀ ಚಿತ್ರಲಿಂಗೇಶ್ವರ ಪೈಪ್ಸ್, ಹಿರಿಯೂರು.’ ಅದರ ಕೆಳಗೆ ಸ್ವಲ್ಪ ಸಣ್ಣ ಅಕ್ಷರದಲ್ಲಿ ‘ಈಗ ಸಹನಾ ಪಾಲಿಮರ್ಸ್ ಪ್ರೈ. ಲಿ.’

“ಯಾರ್ ಬರೆಸಿದ್ದು ಆ ‘ಈಗ’ನಾ?” ಅಂಕಲ್ ತಲೆ ಹಿಡಿದುಕೊಂಡರು.

“ನಾನೇ,” ಅಂದರು ಅಪ್ಪ. “ಹೊಸ ಕಂಪನಿ ಹೆಸರಿಗೂ ಒಂದು ಸೇವೆ ಮಾಡಿಸ್ರಿ ಅಂದ್ರು ಮಠದಾಗೆ. ಮಾಡಿದ್ದು ನಾವೇ ಅಲ್ವಾ, ಒಂದೇ ಪುಣ್ಯಕ್ಕೆ ಎರಡು ಸಲ ಯಾಕೆ ಕೊಡ್ಬೇಕು ಅಂತ ಒಂದು ಸಾಲು ಕೆತ್ತಿಸಿದೆ.”

“ಪುಣ್ಯಕ್ಕೆ ನಾವೇ ಅಂತ ಕಲ್ಲಿನ ಮ್ಯಾಲೆ ಬರೆಸ್ತೀರಿ,” ಅಮ್ಮ ಒಗ್ಗರಣೆ ಹಾಕುತ್ತಾ ಅಂದರು, “ಬಾಕಿಗೆ ನಾವಲ್ಲ ಅಂತ ಪೇಪರ್ ಮ್ಯಾಲೆ ಬರೆಸ್ತೀರಿ.”

ಕೇಸ್ ನೋಡುವ ಇನ್ಸ್‌ಪೆಕ್ಟರ್ ಹೊಳಲ್ಕೆರೆ ಕಡೆಯವರಂತೆ. ಅವರ ತಂಗಿಯ ಮಗಳು ಅದೇ ಹಾಸ್ಟೆಲಿನಲ್ಲಿ ಓದುತ್ತಿದ್ದಾಳಂತೆ. ಅಪ್ಪ ಹೋದರೆ ಯಾಕೆ ಬಂದರು ಅಂತಾರೆ. ಹಳೇ ವಿದ್ಯಾರ್ಥಿನಿ ಹೋದರೆ ಯಾರೂ ಕೇಳಲ್ಲ.

ಹಾಗಾಗಿ ನಾನು. ನಾಲ್ಕಡಿಗೆ ಮೂರಡಿ ಹಸಿರು ಬೋರ್ಡು. ಮೇಲೆ ಪೇಂಟ್‌ನಲ್ಲಿ ‘ವಾರದ ಊಟದ ಪಟ್ಟಿ’. ಕಲ್ಲಿಗಿಂತ ನಾಲ್ಕು ಬೆರಳು ದೊಡ್ಡದು, ಅಪ್ಪ ನೆನಪಿನಿಂದಲೇ ಅಳತೆ ಹೇಳಿ ರಾತ್ರಿಯೇ ಮಾಡಿಸಿದ್ದು.

ಬಸ್ಸಿನಲ್ಲಿ ಆಧಾರ್ ತೋರಿಸಿ ಜೀರೋ ಟಿಕೆಟ್ ತಗೊಂಡೆ. ಕಂಡಕ್ಟರ್ ಬೋರ್ಡ್ ನೋಡಿ — “ನಿನಗೇನೋ ಫ್ರೀ, ಈ ಸ್ಕೂಲಿಗೆ ಲಗೇಜ್ ಕೊಡ್ಬೇಕಮ್ಮ.” ಎಲ್ಲರೂ ನಕ್ಕರು. ನಾನೂ ನಕ್ಕೆ.

ವಾರ್ಡನ್ ಚಂದ್ರಕ್ಕ ಗೇಟಿಗೇ ಓಡಿ ಬಂದರು. ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಎರಡೂ ಕೆನ್ನೆ ಹಿಡಿದರು. “ಸಹನಾ! ಎಷ್ಟು ಸೊರಗೀಯೇ! ದುರ್ಗದಾಗೆ ಊಟ ಹಾಕಲ್ವೇನೇ?”

ವಾಚ್‌ಮನ್ ಕಾಟಲಿಂಗಪ್ಪ ಡ್ರಿಲ್ ತಂದರು. ಬೋರ್ಡ್ ಎತ್ತಿ ಹಿಡಿದು, “ಇಲ್ಲಿ ಕಲ್ಲೈತಲ್ಲವ್ವ. ಪಕ್ಕದ ಗೋಡೆಗೆ ಹಾಕಾಣ, ಬೇಕಾದಷ್ಟು ಜಾಗ ಐತೆ.”

“ಇಲ್ಲೇ ಬೆಳಕು ಚೆನ್ನಾಗಿ ಬೀಳುತ್ತೆ.”

“ನಿಮ್ಮಪ್ಪಾರ ಹೆಸರು ಮುಚ್ಚಿ ಹೋಗ್ತೈತಲ್ಲೇ,” ಅಂದರು ಚಂದ್ರಕ್ಕ.

ಅದಕ್ಕೆ ಉತ್ತರ ತಂದಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ನಾನೇ ಹುಟ್ಟಿಸಿದೆ. “ಅಪ್ಪನೇ ಹೇಳಿದ್ದು ಅಕ್ಕ. ಸೇವೆ ಮಾಡಿದ್ದನ್ನ ತೋರಿಸ್ಕೋಬಾರದು ಅಂತ. ಹೆಸರು ಕಾಣದಿದ್ರೇ ಒಳ್ಳೇದು ಅಂತ.”

ಚಂದ್ರಕ್ಕನ ಕಣ್ಣಲ್ಲಿ ನೀರು ಬಂತು. ಸುಳ್ಳಲ್ಲ, ನಿಜವಾಗಿ ಬಂತು.

ಊಟಕ್ಕೆ ನೂರಾ ಹತ್ತು ಹುಡುಗಿಯರು ಸಾಲಾಗಿ ಕೂತರು. ಪ್ರಾರ್ಥನೆ ಮುಗಿದ ಮೇಲೆ ಚಂದ್ರಕ್ಕ ನನ್ನನ್ನು ಮುಂದೆ ನಿಲ್ಲಿಸಿ, “ನೋಡ್ರಿ ಹುಡುಗೀರಾ, ಈ ಅಕ್ಕ ನಿಮ್ಮಂಗೇ ಇಲ್ಲೇ ಉಂಡು ಬೆಳೆದೋಳು. ಅವ್ರಪ್ಪ ಮಾಡಿದ ಸೇವೆ ಹೆಸರನ್ನ ತಾನೇ ಮುಚ್ಚಿಸಿದ್ಲು. ದಾನ ಅಂದ್ರೆ ಹಿಂಗಿರ್ಬೇಕು,” ಎಂದರು. ಚಪ್ಪಾಳೆ. ಎರಡನೇ ಸಾಲಿನಲ್ಲಿ ಎರಡು ಜಡೆಯ ಚಿಕ್ಕ ಹುಡುಗಿ ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟುತ್ತಿದ್ದಳು.

ನಾಚಿಕೆಯಾದವರಿಗೆ ಅನ್ನ ಇಳಿಯುವುದಿಲ್ಲ ಅನ್ನುತ್ತಾರೆ. ನನಗೆ ಇಳಿಯಿತು. ಸಾರು ಮೊದಲಿನ ರುಚಿಯೇ ಇತ್ತು. ಎರಡು ಸಲ ಬಡಿಸಿಕೊಂಡೆ.


ಅಕ್ಟೋಬರ್ 17, ಶುಕ್ರವಾರ. ಸಂಜೆ 4.30

ತಿಪ್ಪೇಶ್ ಮಾಮ ಬಂದಿದ್ದರು. ಇಲ್ಲಿಗೆ, ದುರ್ಗದ ಹಾಸ್ಟೆಲಿಗೆ. ವಿಸಿಟರ್ಸ್ ಬೆಂಚಿನ ತುದಿಯಲ್ಲಿ, ಎದ್ದು ಹೋಗಲು ತಯಾರಾದವರಂತೆ ಕೂತಿದ್ದರು. ಒಗೆದ ಬಿಳಿ ಅಂಗಿ.

“ಬುಧವಾರ ಬಂದು ಮನೆ ಬಾಗಿಲಿಗೆ ಕಾಗ್ದ ಅಂಟಿಸಿ ಹೋದ್ರವ್ವ. ಮನೆ ಇನ್ನು ಮಾರಂಗಿಲ್ಲ, ಅಡ ಇಡಂಗಿಲ್ಲ. ಮುಂದೆ ಹರಾಜಂತೆ.”

ವೇಲ್ ತುದಿ ಸುತ್ತುತ್ತಾ ನಿಂತೆ.

“ಆ ಮೊದ್ಲಿನ ನೋಟಿಸಿಗೆ ಹದಿನೈದು ದಿನದಾಗೆ ಉತ್ರ ಕೊಡ್ಬೇಕಿತ್ತಂತೆ. ಅದ್ರಾಗೆ ಬರೆದಿತ್ತಂತೆ.” ನನ್ನ ಮುಖ ನೋಡದೆ, ಗೇಟಿನ ಕಡೆ ನೋಡುತ್ತಾ — “ಫೋಟೋ ಸರಿ ಬಂದಿರ್ಲಿಲ್ಲೇನೋ. ನನ್ ಫೋನು ಹಳೇದು.”

“ಹೂಂ ಮಾಮ,” ಅಂದೆ. “ಬ್ಲರ್ ಇತ್ತು. ಕೆಳಗಡೆ ಕಾಣ್ತಿರಲಿಲ್ಲ.”

“ಹಂಗೇ ಇರ್ಬೇಕು ಬಿಡು.”

ಎದ್ದರು. ಚೀಲದಿಂದ ಎರಡು ಎಳನೀರು ತೆಗೆದು ಬೆಂಚಿನ ಮೇಲಿಟ್ಟರು. ಐದು ಗಂಟೆ ಬಸ್ಸಿದೆ ಅಂದರು. ಬಿಂದು ಕೇಳಿದಳು, “ಯಾರೇ ಅವ್ರು? ನಿಮ್ ರಿಲೇಟಿವ್ವಾ?” ನಮ್ಮ ಫ್ಯಾಕ್ಟರಿಯಲ್ಲಿ ಮೊದಲು ಇದ್ದವರು ಅಂದೆ.

ಫೋಟೋ ತೆಗೆದು ಮತ್ತೆ ನೋಡಿದೆ. ಕನ್ನಡಿಯ ಹಾಗಿದೆ.


ನವೆಂಬರ್ 6, ಗುರುವಾರ

ಹೇಳಿದೆ.

ಬರೆಯದೆ ಮೂರು ವಾರವಾಗಿತ್ತು. ಬರೆಯುವುದೇ ಬೇಡ ಅಂದುಕೊಂಡಿದ್ದೆ.

ಹೇಳಿಕೆ ಕೊಡಲು ಸಮನ್ಸ್ ಬಂದಿತ್ತು. ಇಬ್ಬರು ಡೈರೆಕ್ಟರ್‌ಗಳಿಗೂ. ಅಮ್ಮ ಮೊದಲು ಹೋಗಿ ಎಲ್ಲಕ್ಕೂ ‘ನಮ್ಮನೆಯವ್ರಿಗೆ ಗೊತ್ತು’ ಅಂದು ಬಂದರು. ಆಮೇಲೆ ನಾನು. ಬಯ್ಯುವವರು ಇರುತ್ತಾರೆ ಅಂದುಕೊಂಡಿದ್ದೆ. ಕನ್ನಡಕದ ಮೇಡಂ ಒಬ್ಬರು, ಅಮ್ಮನ ವಯಸ್ಸು. “ಹೆದರ್ಕೋಬೇಡಮ್ಮ, ಕೂತ್ಕೋ. ಇವತ್ತು ಕ್ಲಾಸ್ ಮಿಸ್ ಆಯ್ತಾ?” ಅಂದರು. ಬಯ್ದಿದ್ದರೆ ಸುಲಭವಾಗುತ್ತಿತ್ತು.

ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದರು. ಹಳೇ ಫರ್ಮ್‌ನಿಂದ ಏನು ಕೊಂಡಿದ್ದು? ಎರಡು ಮೆಷಿನ್ ಮಾತ್ರ. ಗಿರಾಕಿಗಳು ಅವರೇನಾ? ಗೊತ್ತಿಲ್ಲ ಮೇಡಂ. ಕಂಪನಿ ನಡೆಸುವುದು ಯಾರು? ನಾನು, ಅಮ್ಮ.

“ತಿಪ್ಪೇಶ್ ಅನ್ನೋರು ನಿಮ್ಮ ಕಂಪನೀಲಿ ಯಾವಾಗಾದ್ರೂ ಕೆಲಸ ಮಾಡಿದಾರಾ?”

“ಇಲ್ಲ.”

ಈ ಒಂದು ಸಲ ನನ್ನ ದನಿ ನಡುಗಲಿಲ್ಲ. ಏಳು ವರ್ಷ ಅವರು ಆ ಶೆಡ್ಡಿನಲ್ಲಿದ್ದರು. ಸಂಬಳ ಕೈಗೇ, ರಿಜಿಸ್ಟರ್‌ನಲ್ಲಿ ಹೆಸರಿಲ್ಲ. ಹಾಗಾಗಿ ಸುಳ್ಳು ಎಂದು ಯಾರೂ ತೋರಿಸಲಾರರು.

ಮೂರು ಪುಟ. ಪ್ರತಿ ಪುಟಕ್ಕೂ ಸೈನ್. ಮೇಡಂ, “ಓದಿ ನೋಡಮ್ಮ. ಆಮೇಲೆ ಏನಾದ್ರೂ ತಪ್ಪಾಗಿದೆ ಅನಿಸಿದ್ರೆ ಬರೆದುಕೊಡಬಹುದು,” ಅಂದರು. ನಾನು ಗಡಿಬಿಡಿಯಲ್ಲಿ “ಥ್ಯಾಂಕ್ಯೂ ಮ್ಯಾಮ್” ಅಂದೆ.

ಹೊರಗೆ ಮಂಜುನಾಥ್ ಅಂಕಲ್ ಬೆರಳೆತ್ತಿ ‘ಸೂಪರ್’ ಅಂದರು. ಅಪ್ಪ ಹೋಟೆಲಿಗೆ ಕರೆದುಕೊಂಡು ಹೋಗಿ ಬೆಣ್ಣೆ ಖಾಲಿ ದೋಸೆ ಹೇಳಿದರು. ಸಪ್ಲೈಯರ್‌ಗೂ ಹೇಳಿದರು, “ನನ್ ಮಗ್ಳು. ಇಂಗ್ಲಿಷ್ ಪಟಪಟ ಓದ್ತಾಳೆ.” ನನ್ನ ಎಲೆಗೆ ತಮ್ಮ ಬೆಣ್ಣೆಯನ್ನೂ ಹಾಕಿದರು. ಅಪ್ಪ ಕೆಟ್ಟವರೆಂದು ಬರೆದುಬಿಟ್ಟರೆ ಸುಲಭ. ನನ್ನ ಫೀಸು, ಏಳು ವರ್ಷದ ಇಂಗ್ಲಿಷ್ ಮೀಡಿಯಂ, ಈ ನೋಟ್‌ಬುಕ್ಕು, ಎಲ್ಲ ಆ ಎರಡು ಮೆಷಿನ್ನಿನಿಂದಲೇ ಬಂದದ್ದು.


ನವೆಂಬರ್ 9, ಭಾನುವಾರ. ಹೊಸದುರ್ಗ ಬಸ್‌ಸ್ಟ್ಯಾಂಡ್, 12.15

ಅವರ ಮನೆಗೆ ಹೋಗಿದ್ದೆ. ಯಾರಿಗೂ ಹೇಳದೆ.

ಬಾಗಿಲ ಪಕ್ಕ ಅಂಟಿಸಿದ ಕಾಗದ. ಒಂದು ಮೂಲೆ ಬಿಟ್ಟುಕೊಂಡಿತ್ತು. ಅತ್ತೆ, ಅಂದರೆ ಮಾಮನ ಹೆಂಡತಿ, ಹೊಸ್ತಿಲ ಒಳಗೇ ನಿಂತರು. ಬಾ ಅಂದರು. ನೀರು ತರಲಿಲ್ಲ. ನಮ್ಮ ಕಡೆ ಜಗಳವಾಡಿದವರು ಬಂದರೂ ಮೊದಲು ಒಂದು ಚೊಂಬು ನೀರು ಕೊಡುತ್ತಾರೆ.

ನಿಂತುಕೊಂಡೇ ಹೇಳಿದೆ. “ಮಾಮ, ಫೋಟೋ ಬ್ಲರ್ ಇರ್ಲಿಲ್ಲ. ಎಲ್ಲ ಕಾಣ್ತಿತ್ತು.”

“ಗೊತ್ತವ್ವ.”

ತಲೆ ಎತ್ತಿ ನೋಡಿದೆ.

“ನೀನು ಮಾಮೂಲಿ ಅಂದ ಮಾರನೇ ದಿನಾನೇ ಜೆರಾಕ್ಸ್ ಅಂಗಡಿ ಮಲ್ಲೇಶನ ಹತ್ರ ಓದಿಸ್ದೆ. ಹದಿನೈದು ದಿನ ಅಂದ.”

“ಮತ್ತೆ ಯಾಕೆ ಉತ್ತರ ಕೊಡಲಿಲ್ಲ?”

“ಏನಂತ ಕೊಡ್ಲಿ? ನನ್ ಬಿಡ್ರಿ, ಅಣ್ಣನ್ನ ಹಿಡೀರಿ ಅಂತಾನಾ? ಇಪ್ಪತ್ತಾರು ವರ್ಷ ಅಣ್ಣ ಅಂದ ಬಾಯಿ. ನೀವೇ ಏನಾರ ಮಾಡ್ತೀರಿ ಅಂತ ಕುಂತೆ.”

“ಕುಂತಿದ್ದಕ್ಕೇ ಬಾಗಿಲಿಗೆ ತೋರಣ ಕಟ್ಟಿ ಹೋಗ್ಯಾರೆ ನೋಡು,” ಅತ್ತೆ ಕಾಗದದ ಕಡೆ ಗದ್ದ ತೋರಿಸಿದರು. “ಸಾಹುಕಾರ್ರ ಮಗ್ಳು ಓದಿ ಹೇಳ್ತಾಳೆ, ಓದಿ ಹೇಳ್ತಾಳೆ ಅಂತ ಕುಣೀತಿದ್ರು.”

“ಸುಮ್ಕಿರೇ,” ಅಂದರು ಮಾಮ. ಆಮೇಲೆ ನನಗೆ, ಮೆಲ್ಲಗೆ — “ಅವತ್ತು ದುರ್ಗಕ್ಕೆ ಯಾಕ್ ಬಂದಿದ್ದೆ ಗೊತ್ತಾ? ಫೋಟೋ ಸರಿ ಇರ್ಲಿಲ್ಲೇನೋ ಅಂತ ನಾನೇ ಅಂದೆ. ‘ಇಲ್ಲ ಮಾಮ, ಸರಿಯಾಗೇ ಇತ್ತು’ ಅಂತೀಯೇನೋ ಅಂತ ನೋಡಿದೆ.”

ಮುಂದೆ ಅವರು ಹೇಳಲಿಲ್ಲ. ನಾನು ಏನಂದೆ ಎಂದು ಇಬ್ಬರಿಗೂ ಗೊತ್ತಿತ್ತು.

ಗುರುವಾರದ ‘ಇಲ್ಲ’ವನ್ನೂ ಹೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ. ಬಹಳ ಹೊತ್ತು ತಮ್ಮ ಅಂಗೈ ನೋಡಿಕೊಂಡರು. ಬಿಸಿ ಪೈಪು ಹಿಡಿದು ಹಿಡಿದು ಗೆರೆಗಳೇ ಇಲ್ಲದ ಅಂಗೈ.

“ಹಂಗಾರೆ ಏಳು ವರ್ಷ ನಾನು ಎಲ್ಲಿದ್ದೆ?”

ಅತ್ತರೆ ಸಮಾಧಾನ ಮಾಡುತ್ತಾರೆ ಅನಿಸಿ ಅಳು ತಡೆದುಕೊಂಡೆ. ಅಷ್ಟಾದರೂ ತಡೆದೆ.

“ನನ್ ಮುಂದೆ ಹೇಳಿ ಏನ್ ಮಾಡ್ತೀಯವ್ವ,” ಅಂದರು ಕೊನೆಗೆ. “ಹೋಗು, ಬಸ್ ತಪ್ತೈತೆ.” ಕಳಿಸಲು ಬಾಗಿಲವರೆಗೆ ಬರಲಿಲ್ಲ.


ನವೆಂಬರ್ 10, ಸೋಮವಾರ. ಬೆಳಿಗ್ಗೆ 11.05. ದುರ್ಗ, ಆಫೀಸಿನ ಕಾರಿಡಾರ್

ಪತ್ರ ಕೊಟ್ಟೆ.

ಒಂದೇ ಪುಟ. ಕನ್ನಡದಲ್ಲಿ ಬರೆದೆ. ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ. ‘ಇನ್‌ಅಡ್ವರ್ಟೆಂಟ್ಲಿ’ ಎಂಬ ಪದ ತಾನಾಗಿ ಬಂತು, ಅಂದರೆ ಅರಿವಿಲ್ಲದೆ. ಹರಿದು ಹಾಕಿದೆ. ತಪ್ಪಿ ಹೇಳಿದ್ದಲ್ಲ ಅದು.

ಆರನೇ ತಾರೀಕಿನ ನನ್ನ ಹೇಳಿಕೆ ಸುಳ್ಳು ಎಂದು ಬರೆದೆ. ತಿಪ್ಪೇಶ್ ಅವರು 2018ರಿಂದ ಈ ಸೆಪ್ಟೆಂಬರ್ 14ರವರೆಗೆ ನಮ್ಮಲ್ಲೇ ಇದ್ದರು. ಪೈಪು ಅದೇ, ಗಿರಾಕಿಗಳು ಅವರೇ, ನಡೆಸುವುದು ನನ್ನ ತಂದೆ ಪಂಚಾಕ್ಷರಪ್ಪ. ಹೊಳಲ್ಕೆರೆ ಹಾಸ್ಟೆಲಿನ ಕಲ್ಲನ್ನು ಬೋರ್ಡಿನಿಂದ ಮುಚ್ಚಿಸಿದ್ದು ನಾನು. ಹಳೇ ಫರ್ಮ್ ನಾವೇ. ಕೆಳಗೆ ಸೈನ್, ಡೈರೆಕ್ಟರ್ ಎಂದು.

ಇನ್‌ವರ್ಡ್ ಕ್ಲರ್ಕ್ ರಂಗೇಶ್ ಅಂತ, ಕತ್ತಿನಲ್ಲಿ ಐಡಿ ಕಾರ್ಡ್. “ಯಾವ ಕಂಪನಿಯಮ್ಮ? ಡೈರೆಕ್ಟರ್ ಸೈನ್ ಬೇಕಲ್ಲ, ಅವ್ರೆಲ್ಲವ್ರೆ?”

“ನಾನೇ ಸರ್.”

ತಲೆಯಿಂದ ಕಾಲಿನವರೆಗೆ ನೋಡಿದರು. ಕಾಲೇಜ್ ಬ್ಯಾಗ್, ನೀರಿನ ಬಾಟಲ್. ಪತ್ರದ ಎರಡು ಸಾಲು ಓದಿ ಇನ್ನೊಮ್ಮೆ ನೋಡಿದರು. “ಮನೇಲಿ ಹೇಳಿ ಬಂದೀಯಾ ತಾಯಿ?”

ಕಾಪಿಯನ್ನೂ ಮುಂದೆ ಇಟ್ಟೆ. ಸೀಲು ಹೊಡೆದು ಕಾಪಿ ಕೊಟ್ಟರು.

ಒಳ್ಳೆಯ ಕೆಲಸ ಮಾಡಿದೆ ಅನಿಸುತ್ತಿಲ್ಲ. ಸಿನಿಮಾದಲ್ಲಾದರೆ ಈಗ ಎದೆ ಹಗುರಾಗಬೇಕು. ಶೆಡ್ಡಿನಲ್ಲಿ ಹನ್ನೆರಡು ಜನ ಇದ್ದಾರೆ. ಅವರ ಹೆಸರೂ ನನಗೆ ಪೂರ್ತಿ ಗೊತ್ತಿಲ್ಲ. ಮಾಮನ ಮನೆ ಉಳಿಯುತ್ತದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಮೊದಲು ಕಂಪನಿಯ ಮೆಷಿನ್ ಜಪ್ತಿ ಮಾಡಿದರೆ ಮನೆ ಉಳಿಯಬಹುದು ಅಂತ ನೋಟಿಸ್ ಓದಿ ನಾನೇ ಅಂದುಕೊಂಡದ್ದು. ಸೆಪ್ಟೆಂಬರ್ 25ಕ್ಕೆ ಒಂದು ಸಾಲು ಸರಿಯಾಗಿ ಓದಿ ಹೇಳಿದ್ದರೆ ಸಾಕಿತ್ತು. ಆಗ ಮಾಮ ಉತ್ತರ ಕೊಡುತ್ತಿದ್ದರೇನೋ, ಆ ಬಾಗಿಲಿಗೆ ಕಾಗದ ಬೀಳುತ್ತಿರಲಿಲ್ಲವೇನೋ. ಈ ಪತ್ರದಿಂದ ಅದು ಬಿಟ್ಟುಬರುವುದಿಲ್ಲ.

ಫೋನ್. ಅಪ್ಪ.

ಗೊತ್ತಾಗಿ ಮಾಡುತ್ತಿರುವುದಲ್ಲ. ಹನ್ನೊಂದಕ್ಕೆ ನನಗೆ ಬ್ರೇಕ್ ಎಂದು ಅವರಿಗೆ ಗೊತ್ತು. ದಿನಾ ಈ ಹೊತ್ತಿಗೇ ಮಾಡುತ್ತಾರೆ. ತಿಂಡಿ ತಿಂದ್ಯೇನವ್ವ ಎಂದು ಕೇಳಿ ಇಟ್ಟುಬಿಡುತ್ತಾರೆ.

ನಿಂತಿತು. ಮತ್ತೆ ಬರುತ್ತಿದೆ.

ತಿಂದೆ ಅಪ್ಪ, ಅನ್ನಬಹುದು. ಏನೂ ಗೊತ್ತಿಲ್ಲದ ಇನ್ನೊಂದು ಹಗಲು ಅವರಿಗೆ ಸಿಗುತ್ತದೆ. ಅದೂ ಸುಳ್ಳೇ, ತಿಂದಿಲ್ಲ.

ಎತ್ತುತ್ತೇನೆ. ಅಪ್ಪಾ, ತಿಂದಿಲ್ಲ ಅನ್ನುತ್ತೇನೆ. ಆಮೇಲೆ